ಕಲ್ಲಿನ ಬಳೆಗೆ ಅದೃಷ್ಟದ ಹೊರೆ ಬೇಡ

ಯಳಂದೂರಿನ ಗೌರೀಶ್ವರ ದೇವಾಲಯಕ್ಕೆ ಹೊಸಬರು ಯಾರೇ ಬರಲಿ, ಮಹಾದ್ವಾರದ ಮುಂದೆ ನಿಂತು ಮೊದಲು ಕೇಳುವುದು ‘ಆ ಬಳೆ ಎಲ್ಲಿದೆ?’ ಎಂದು. ಬಾಗಿಲ ಮಂಟಪಕ್ಕೆ ಜನ ಇಟ್ಟ ಹೆಸರೇ ಬಳೆ ಮಂಟಪ. ಒಂದೇ ಕಲ್ಲಿನಲ್ಲಿ ಕಡೆದ, ಒಂದರೊಳಗೊಂದು ಸಿಕ್ಕಿಕೊಂಡು ಸರಪಳಿಯಂತೆ ಇಳಿಬಿದ್ದ ಬಳೆಗಳು ಅದರ ಮೂಲೆಗಳಲ್ಲಿವೆ. ಬಂದವರು ಕತ್ತೆತ್ತಿ ಅವನ್ನು ಹುಡುಕುತ್ತಾರೆ, ಕಂಡ ಕೂಡಲೇ ಫೋಟೊ ತೆಗೆಯುತ್ತಾರೆ, ಹೊರಡುತ್ತಾರೆ. ಬಿಳಿಗಿರಿರಂಗನ ಬೆಟ್ಟ ಹತ್ತುವ ಆತುರ ಬೇರೆ.

ಈ ಮಂಟಪದ ಬಗ್ಗೆ ಎರಡು ಮಾತು ಬಹುಮಟ್ಟಿಗೆ ಒಪ್ಪಿತವಾಗಿಬಿಟ್ಟಿವೆ. ಇಲ್ಲಿ ನೋಡುವುದಕ್ಕಿರುವುದು ಆ ಬಳೆಯೊಂದೇ, ಅಂಥದ್ದು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ ಎಂಬುದು ಮೊದಲನೆಯದು. ಎರಡನೆಯದು ಪ್ರವಾಸೋದ್ಯಮದ ಮಾತು ಬಂದಾಗಲೆಲ್ಲ ತಲೆಯೆತ್ತುವಂಥದು: ಜನರನ್ನು ಸೆಳೆಯಲು ಸ್ಮಾರಕಕ್ಕೊಂದು ನಂಬಿಕೆ ಬೇಕು, ಮುಟ್ಟಿದರೆ ಒಳ್ಳೆಯದಾಗುತ್ತದೆ ಎಂಬ ಕಥೆಯೊಂದು ಹುಟ್ಟಿಕೊಂಡರೆ ಊರಿನ ನಸೀಬೇ ತೆರೆಯುತ್ತದೆ. ಬಳೆಯೆಂದರೆ ನಮ್ಮ ಹೆಣ್ಣುಮಕ್ಕಳಿಗೆ ಮಂಗಳ, ಮುತ್ತೈದೆತನ, ಸೀಮಂತದ ಸಡಗರ. ಅದಕ್ಕೊಂದು ಅದೃಷ್ಟದ ಕಥೆ ಕಟ್ಟುವುದಕ್ಕೆ ಹೆಚ್ಚು ಕಷ್ಟಪಡಬೇಕಾಗಿಲ್ಲ. ಈ ಎರಡು ಮಾತನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದು ನಿಜವಲ್ಲ, ಎರಡನೆಯದರಿಂದ ಮಂಟಪಕ್ಕೆ ಕೇಡು.

ಕಂಚಿಯ ವರದರಾಜ ದೇವಾಲಯದ ನೂರು ಕಂಬದ ಮಂಟಪದ ಮೂಲೆಗಳಲ್ಲಿ ಇಂಥದೇ ಕಲ್ಲಿನ ಸರಪಳಿಗಳಿವೆ. ಪುದುಕೋಟೆ ಸೀಮೆಯ ಆವುಡೈಯಾರ್ ಕೋಯಿಲ್‌ನಲ್ಲಿಯೂ ಇವೆ. ಇದು ದಕ್ಷಿಣದ ಕಲ್ಲುಕುಟಿಗರ ಕಸುಬಿನಲ್ಲಿ ಊರಿಂದೂರಿಗೆ ಹರಿದಾಡಿದ ವಿದ್ಯೆ. ಇಡೀ ಬಂಡೆಯಲ್ಲಿ ಮೊದಲು ಸರಪಳಿಯ ಹೊರ ಆಕಾರ ಬಿಡಿಸಿ, ಆಮೇಲೆ ಬಳೆಬಳೆಯ ನಡುವಿನ ಕಲ್ಲನ್ನು ಚೂರುಚೂರೇ ತೆಗೆಯುತ್ತಾ, ಒಂದನ್ನೊಂದು ಹಿಡಿದಿರುವ ಕೊನೆಯ ಎಳೆಯನ್ನು ಬಿಡಿಸುವ ಕೆಲಸ. ಉಳಿಯೇಟು ಒಂದು ಬಿರುಸಾದರೆ ಅಷ್ಟು ದಿನದ ದುಡಿಮೆ ಹೋಯಿತು. ಆ ಕೈಗೆ ನಾನು ಮನಸಾರೆ ನಮಿಸುತ್ತೇನೆ. ಆದರೆ ‘ಪ್ರಪಂಚದಲ್ಲೇ ಇಲ್ಲ’ ಎನ್ನುವವರು ಹೊಗಳುವ ಭರದಲ್ಲಿ ಆ ಶಿಲ್ಪಿಗೆ ಅನ್ಯಾಯ ಮಾಡುತ್ತಾರೆ. ಕಂಚಿಯಲ್ಲಿ ಕಡೆದವರ ಜೊತೆ ಸರಿಸಮನಾಗಿ ನಿಲ್ಲಬಲ್ಲ ಕೈ ಯಳಂದೂರಿನ ಸುತ್ತಣ ಹದಿನಾಡಿನಂಥ ಸಣ್ಣ ಸೀಮೆಯಲ್ಲೂ ಇತ್ತು ಎಂಬುದೇ ಹೆಚ್ಚಿನ ಮಾತು. ಈ ಬಳೆಯನ್ನು ಒಂಟಿ ಪವಾಡ ಮಾಡಿದರೆ ಆ ನಂಟು ಕಡಿದುಹೋಗುತ್ತದೆ.

ಇನ್ನು ಬಳೆಯೊಂದೇ ಎಂಬ ಮಾತು. ಈ ಗುಡಿ ಕಟ್ಟಿಸಿದವನು ಹದಿನಾಡಿನ ಪಾಳೆಯಗಾರ ಸಿಂಗದೇಪ ದೇವಭೂಪಾಲ. ಕಾಲ 16ನೇ ಶತಮಾನ, ವಿಜಯನಗರದ ಆಳ್ವಿಕೆಯ ದಿನಗಳು. ಅದೇ ಮನೆತನದ ಮುದ್ದರಾಜನ 1654ರ ಶಾಸನ ಗುಡಿಯ ಆವರಣದಲ್ಲಿಯೇ ಇದೆ. ಗರ್ಭಗುಡಿಯ ಮೇಲೆ ಶಿಖರವಿಲ್ಲ. ದೂರದಿಂದ ಕಣ್ಣಿಗೆ ಹೊಡೆಯುವಂಥದ್ದೇನೂ ಇಲ್ಲದ, ಮೈಯನ್ನು ತಗ್ಗಿಸಿಕೊಂಡ ಕಟ್ಟಡ ಇದು. ಕಟ್ಟಿಸಿದವರು ತಮ್ಮ ಶಿಲ್ಪದ ಆಸೆಯನ್ನೆಲ್ಲ ಬಾಗಿಲ ಮಂಟಪದ ಮೇಲೆ ಸುರಿದಿದ್ದಾರೆ. ಅದರ ಗೋಡೆಗಳ ಮೇಲೆ ಶಿವನ ನಾನಾ ರೂಪಗಳು, ದಕ್ಷಿಣಾಮೂರ್ತಿ, ಭೈರವ, ವಾಲಿ ಸುಗ್ರೀವರ ಕಾಳಗ, ಇನ್ನೂ ಎಷ್ಟೋ ಪುರಾಣದ ಸಂಗತಿಗಳು ಉಬ್ಬುಚಿತ್ರಗಳಾಗಿ ಕೂತಿವೆ. ಸುಮ್ಮನೆ ಕೂತು ಬೋಧಿಸುವ ಶಿವನೂ, ಕೆರಳಿ ನಿಂತ ಶಿವನೂ ಒಂದೇ ಹೊಸ್ತಿಲಿನ ಆಜುಬಾಜಿನಲ್ಲಿ. ಒಳಗೆ ಹೋಗುವವನು ಯಾವ ದೇವರ ಬಳಿ ಹೋಗುತ್ತಿದ್ದೇನೆ ಎಂಬುದನ್ನು ಬಾಗಿಲಲ್ಲೇ ಓದಿಕೊಂಡು ಹೋಗಲಿ ಎಂಬ ಎಣಿಕೆ ಇದು. ಓದುವುದಕ್ಕೆ ಹೊತ್ತು ಬೇಕು. ಬಳೆ ಹುಡುಕುವವನ ಕಣ್ಣು ಸೂರಿನ ಮೂಲೆಗೆ ಹಾರಿ, ನಡುವಿನ ಗೋಡೆಯನ್ನು ದಾಟಿಯೇಬಿಡುತ್ತದೆ.

ಹಾಗೆ ನಿಧಾನವಾಗಿ ಓದುವ ಅಭ್ಯಾಸ ಈ ಊರಿಗೆ ಹೊಸದೂ ಅಲ್ಲ. ಮುದ್ದರಾಜನ ಶಾಸನ ಹುಟ್ಟಿದ ದಶಕದಲ್ಲಿಯೇ ಷಡಕ್ಷರದೇವ ‘ರಾಜಶೇಖರ ವಿಳಾಸ’ ಬರೆದ. ಯಳಂದೂರಿನ ಮಠದ ಗುರುವಾಗಿದ್ದವನು ಅವನು. ಒಂದು ಪದ್ಯವನ್ನು ನಾಲ್ಕು ಸಲ ಓದಿದರೆ ನಾಲ್ಕು ಬಗೆಯಲ್ಲಿ ತೆರೆದುಕೊಳ್ಳುವ ಚಂಪೂಕಾವ್ಯದ ಕವಿ. ‘ಹದಿಬದೆಯ ಧರ್ಮ’ದ ಸಂಚಿ ಹೊನ್ನಮ್ಮ, ಚಿಕ್ಕದೇವರಾಜ ಒಡೆಯರ ಅರಮನೆಗೆ ಹೋದವಳು, ಯಳಂದೂರಿನ ಮಗಳು. ಇಂಥ ಊರಿನ ಜನಕ್ಕೆ ಶಿಲ್ಪದ ಸೂಕ್ಷ್ಮ ತಿಳಿಯದು, ಮುಟ್ಟಿ ಹರಕೆ ಹೇಳಿಕೊಳ್ಳುವ ಕಥೆ ಕೊಟ್ಟರೆ ಮಾತ್ರ ಬಂದಾರು ಎನ್ನುವುದು ಜನರನ್ನು ಬಹಳ ಕಡಿಮೆ ಅಳೆದಂತೆ.

ಅದೃಷ್ಟದ ಕಥೆ ಹತ್ತಿದ ಶಿಲ್ಪಗಳಿಗೆ ಏನಾಗಿದೆ ನೋಡಿ. ಗಡಿಯಾಚೆಯ ಲೇಪಾಕ್ಷಿಯ ವೀರಭದ್ರ ದೇವಾಲಯವೂ ವಿಜಯನಗರದ ಕಾಲದ್ದು, ಅಲ್ಲಿನ ಶಾಸನಗಳಲ್ಲಿ ಬಹುಪಾಲು ಕನ್ನಡದವು. ನೆಲಕ್ಕೆ ಪೂರ್ತಿ ಊರದ ಕಂಬವೊಂದು ಅಲ್ಲಿದೆ. ಅದರ ಕೆಳಗೆ ಬಟ್ಟೆ ತೂರಿಸಿ ಎಳೆದರೆ ಒಳ್ಳೆಯದಾಗುತ್ತದೆ ಎಂದು ನಂಬಿಕೆ. ಸೆರಗು, ಟವೆಲು, ದುಪಟ್ಟಾ ಹಿಡಿದು ನೆಲಕ್ಕೆ ಬಗ್ಗಿದವರ ಗುಂಪು ಆ ಕಂಬದ ಸುತ್ತ. ಅವರ ನೆತ್ತಿಯ ಮೇಲಿನ ಚಾವಣಿಯಲ್ಲಿ ವಿಜಯನಗರ ಚಿತ್ರಕಲೆಯ ಉಳಿದಿರುವ ಅತಿ ಶ್ರೇಷ್ಠ ಮಾದರಿಗಳಿವೆ. ಬಗ್ಗಿದವರು ತಲೆಯೆತ್ತುವುದಿಲ್ಲ. ಬೇಲೂರಿನಲ್ಲಿ ಸುಮಾರು 42 ಅಡಿಯ ದೀಪಸ್ತಂಭ ತನ್ನ ಭಾರದ ಮೇಲೇ ನಿಂತಿದೆ. ಅದರ ಬುಡದಲ್ಲಿ ಕಾಗದ ತೂರಿಸುವ ಆಟ. ಹಂಪೆಯ ವಿಠ್ಠಲ ಗುಡಿಯ ಸಪ್ತಸ್ವರದ ಕಂಬಗಳಲ್ಲಿ ಅದೃಷ್ಟದ ಕಥೆ ಇಲ್ಲ, ಬರೀ ಸೋಜಿಗ. ಆ ಸೋಜಿಗಕ್ಕೇ ಜನ ತಟ್ಟಿ ತಟ್ಟಿ, ಕೊನೆಗೆ ಯಾರೂ ತಟ್ಟಬಾರದೆಂದು ತಡೆ ಹಾಕಬೇಕಾಯಿತು. ಈಗ ಅವುಗಳ ದನಿ ಯಾರಿಗೂ ಇಲ್ಲ.

ಹೊರಗಿನ ಪ್ರಪಂಚದ್ದೂ ಇದೇ ಪಾಡು. ಇಟಲಿಯ ಫ್ಲಾರೆನ್ಸಿನ ಮಾರುಕಟ್ಟೆಯಲ್ಲಿ ಕಂಚಿನ ಕಾಡುಹಂದಿಯೊಂದಿದೆ. 17ನೇ ಶತಮಾನದಲ್ಲಿ ಪಿಯೆತ್ರೊ ತಾಕ್ಕಾ ಎರಕ ಹೊಯ್ದದ್ದು. ಮೂತಿ ಉಜ್ಜಿದರೆ ಆ ಊರಿಗೆ ಮತ್ತೆ ಬರುವ ಯೋಗ ಎಂಬ ನಂಬಿಕೆಯಿಂದ ಮೂತಿ ಫಳಫಳ ಹೊಳೆಯುತ್ತದೆ. ಅಸಲು ಶಿಲ್ಪ ಮ್ಯೂಸಿಯಂ ಸೇರಿದೆ, ಬೀದಿಯಲ್ಲಿರುವುದು ನಕಲು. ವೆರೋನಾದ ಜೂಲಿಯೆಟ್ ಪ್ರತಿಮೆಯ ಎದೆ ಮುಟ್ಟಿದರೆ ಪ್ರೇಮ ಕೈಗೂಡುತ್ತದೆಂದು ಲಕ್ಷಾಂತರ ಕೈಗಳು ಸವರಿ, 2014ರಲ್ಲಿ ಅದನ್ನೂ ಒಳಗಿಟ್ಟು ನಕಲು ನಿಲ್ಲಿಸಿದರು. ಹದಿಹರೆಯದ ಹುಡುಗಿಯೊಬ್ಬಳ ದುಃಖದ ಕಥೆ ಅಲ್ಲಿ ಕೈಯಾಡಿಸುವ ಒಂದು ಜಾಗವಾಗಿ ಉಳಿದುಕೊಂಡಿತು. ನನ್ನನ್ನು ಹೆಚ್ಚು ಕಾಡುವುದು ಈ ಕುಗ್ಗುವಿಕೆ. ಕಂಚು ಸವೆದರೆ ಮತ್ತೆ ಎರಕ ಹೊಯ್ಯಬಹುದು, ಯಳಂದೂರಿನ ಬಳೆಯನ್ನು ಹಾಗೆ ಹೊಯ್ಯಲಾಗದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದ ಆಕ್ಷೇಪ. ‘ನಮ್ಮ ಜನಕ್ಕೆ ದೇವರನ್ನು ಮುಟ್ಟದೆ ಸಮಾಧಾನವಿಲ್ಲ. ದೂರ ನಿಂತು ನೋಡು ಎನ್ನುವುದು ಓದಿದವರ ಮಡಿ. ನಂಬಿಕೆಯಿಲ್ಲದ ಕಲ್ಲು ಅನಾಥ.’ ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರಿನ ಸೀಮೆಯೇ ಮುಟ್ಟಿ, ಹೊತ್ತು, ಕುಣಿದು ಪೂಜಿಸುವ ಸೀಮೆ. ಆದರೆ ಈ ಸೀಮೆಯ ಜನ ಒಳಿತನ್ನು ಎಂಥ ವಸ್ತುಗಳಲ್ಲಿ ಕಂಡಿದ್ದಾರೆ ಎಂಬುದನ್ನು ಒಮ್ಮೆ ಗಮನಿಸಿ.

ಬಿಳಿಗಿರಿಯ ರಂಗಪ್ಪನಿಗೆ ಚರ್ಮದ ಪಾದರಕ್ಷೆ ಒಪ್ಪಿಸುತ್ತಾರೆ. ಉದ್ದ 1 ಅಡಿ 9 ಅಂಗುಲ. ಮನುಷ್ಯರ ಕಾಲಿಗಾಗದ ಈ ಮೆಟ್ಟನ್ನು ತಲೆಗೆ ಮುಟ್ಟಿಸಿಕೊಂಡರೆ ಕಷ್ಟ ಕಳೆಯುತ್ತದೆಂದು ಭಕ್ತರು ತಲೆಬಾಗುತ್ತಾರೆ. ಬೇರೆ ಕಡೆ ಹೊಸ್ತಿಲಾಚೆ ಬಿಡಬೇಕಾದ ಚಪ್ಪಲಿ ಇಲ್ಲಿ ನೆತ್ತಿಯ ಮೇಲೆ ಪ್ರಸಾದವಾಗುತ್ತದೆ. ಅದಕ್ಕಿಂತ ದೊಡ್ಡ ಮಾತೆಂದರೆ, ಈ ಮೆಟ್ಟು ಸವೆಯುತ್ತದೆ. ರಂಗಪ್ಪ ರಾತ್ರಿ ಕಾಡು ತಿರುಗಿ ಸವೆಸುತ್ತಾನೆ ಎನ್ನುತ್ತಾರೆ. ಕಾಡಿನ ಸೋಲಿಗರ ಮಗಳು ಕುಸುಮಾಲೆಯನ್ನು ಕಟ್ಟಿಕೊಂಡು ಅವರಿಗೆ ಭಾವನಾದ ದೇವರಲ್ಲವೇ, ಕಾಡಿನಲ್ಲಿ ಅವನಿಗೆ ಓಡಾಟವಿದ್ದೇ ಇರುತ್ತದೆ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಹೊಸ ಜೋಡಿ ಬರಬೇಕು. ಹೊಲಿಯುವ ಕೈ ಇದ್ದರೆ ತಾನೇ ಹೊಸ ಜೋಡಿ? ಆ ಕೈಯ ಕಸುಬನ್ನು, ಅದಕ್ಕೆ ಸಲ್ಲುವ ಮರ್ಯಾದೆಯನ್ನು ದೇವರ ಸೇವೆಯೇ ಉಳಿಸಿಕೊಂಡು ಬಂದಿದೆ.

ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ. ಜನವರಿಯ ಹುಣ್ಣಿಮೆಗೆ ಶುರುವಾಗಿ ಐದು ದಿನ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರು ಕಟ್ಟಿ, ಬಟ್ಟೆ ಸುತ್ತಿ, ಸುತ್ತಣ ಹಳ್ಳಿಗಳ ಜನ ಕೆಲಸ ಹಂಚಿಕೊಂಡು ನಿಲ್ಲಿಸುವ ಆಕೃತಿ ಅದು. ಅದರ ರೂಪವನ್ನು ನೋಡಿದರೆ ಯಾವ ಶಿಲ್ಪಿಯೂ ತಲೆದೂಗಬೇಕು. ಅದಕ್ಕೆ ಬೆಂಕಿ ಹಚ್ಚುತ್ತಾರೆ. ಉರಿ ಯಾವ ದಿಕ್ಕಿಗೆ ವಾಲಿತೋ ಆ ಕಡೆಯ ನಾಡಿಗೆ ಆ ವರ್ಷ ಮಳೆಬೆಳೆ ಚೆನ್ನ. ‘ಉಘೇ ಸಿದ್ದಪ್ಪಾಜಿ’ ಎಂಬ ಕೂಗಿನ ನಡುವೆ ರೈತರು ಕಣ್ಣು ಕೀಲಿಸಿ ನೋಡುವುದು ಆ ವಾಲುವಿಕೆಯನ್ನು. ಒಬ್ಬೊಬ್ಬರೂ ಮುಟ್ಟಿ ತನತನಗೆ ಕಿತ್ತುಕೊಳ್ಳುವ ಅದೃಷ್ಟ ಅದಲ್ಲ, ಇಡೀ ದಿಕ್ಕಿಗೆ ಒಟ್ಟಾಗಿ ಬರುವ ಒಳಿತು. ಬೆಳಗಾದರೆ ಆಕೃತಿ ಬೂದಿ. ಮುಂದಿನ ವರ್ಷ ಮತ್ತೆ ಬಿದಿರು ಕಡಿಯಬೇಕು, ಮತ್ತೆ ಕೈಗಳು ಸೇರಬೇಕು.

ಮಲೆ ಮಹದೇಶ್ವರ ಬೆಟ್ಟದಲ್ಲಿ ಹುಲಿವಾಹನ, ಬಸವವಾಹನ, ರುದ್ರಾಕ್ಷಿ ಮಂಟಪದ ಸೇವೆ ಹರಕೆ ಹೊತ್ತವರಿಂದ ನಡೆಯುತ್ತಲೇ ಇರುತ್ತದೆ. ಅವೂ ಎಳೆಯುವುದಕ್ಕೆ, ಹೊರುವುದಕ್ಕೆ ಮಾಡಿದವು. ಮಾಸಿದರೆ ಬಣ್ಣ, ಮುರಿದರೆ ರಿಪೇರಿ.

ಈ ನಾಡಿನ ಬುದ್ಧಿ ಇದರಲ್ಲಿದೆ ಎಂದು ನನಗೆ ಖಂಡಿತವಾಗಿ ಅನ್ನಿಸುತ್ತದೆ. ಮುಟ್ಟುವುದಕ್ಕೆ ಬೇರೆ ವಸ್ತು, ನೋಡುವುದಕ್ಕೆ ಬೇರೆ ವಸ್ತು. ಸವೆಯುವುದನ್ನು, ಸುಡುವುದನ್ನು, ಮತ್ತೆ ಮಾಡಬಹುದಾದದ್ದನ್ನು ಹರಕೆಗೆ ಕೊಟ್ಟರು. ಒಂದೇ ಸಲ ಮಾಡಬಹುದಾದ ಕಲ್ಲಿನ ಬಳೆಯನ್ನು ಬಾಗಿಲ ಮೂಲೆಯಲ್ಲಿ ಕಣ್ಣಿಗೆ ಕೊಟ್ಟರು. ಗೌರೀಶ್ವರನಿಗೆ ಕೈಮುಗಿಯಲು ಒಳಗೆ ಗರ್ಭಗುಡಿಯಿದೆ, ತೀರ್ಥವಿದೆ, ಆರತಿಯಿದೆ. ನಂಬಿಕೆಗೆ ಅಲ್ಲಿ ಏನೂ ಕೊರತೆಯಿಲ್ಲ. ಹೊರಗಿನಿಂದ ತಂದ ಅದೃಷ್ಟದ ಕಥೆಯನ್ನು ಬಾಗಿಲಿಗೆ ಅಂಟಿಸಿದರೆ ಇದ್ದ ನಂಬಿಕೆಗೂ ಅದರಿಂದ ಲಾಭವಿಲ್ಲ.

ಪ್ರತಿಮೆ ನಿಂತರೆ ಊರಿಗೆ ಭಾಗ್ಯ ಬಂತು ಎಂಬ ಇನ್ನೊಂದು ಮಾತೂ ಈಚೆಗೆ ನಮ್ಮಲ್ಲಿ ಬಲವಾಗಿದೆ. ಹನೂರು ತಾಲ್ಲೂಕಿನ ಮಾದಪ್ಪನ, ಎಂದರೆ ಮಹದೇಶ್ವರನ, ಬೆಟ್ಟದಲ್ಲಿ, ದೀಪದಗಿರಿ ಒಡ್ಡಿನ ಮೇಲೆ, ಹುಲಿಯ ಮೇಲೆ ಕೂತ ಮಹದೇಶ್ವರನ 108 ಅಡಿ ಎತ್ತರದ ಪ್ರತಿಮೆ 2023ರ ಮಾರ್ಚಿನಲ್ಲಿ ಲೋಕಾರ್ಪಣೆಯಾಯಿತು. ಅದರ ಮುಂದೆ ಕೈಮುಗಿಯುವವರ ಭಕ್ತಿಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನು ಕುರಿತ ಮಾತಿಗೆ. 108 ಎಂಬ ಮಂಗಳದ ಅಂಕಿಯನ್ನು ಹೇಳಿದ ಮೇಲೆ ಹೇಳುವುದಕ್ಕೆ ಯಾರ ಬಳಿಯೂ ಏನೂ ಉಳಿದಿರುವುದಿಲ್ಲ. ಮುಖದ ಭಾವ ಹೇಗಿದೆ, ಹುಲಿ ದೇವರನ್ನು ಹೊತ್ತ ಪರಿ ಹೇಗಿದೆ, ಕಂಸಾಳೆಯವರ ಹಾಡಿನಲ್ಲಿ ಮನೆಮನೆಯ ಮುಂದೆ ಭಿಕ್ಷೆಗೆ ನಿಲ್ಲುವ, ಶ್ರವಣನ ಸೊಕ್ಕು ಮುರಿಯುವ, ಸಂಕಮ್ಮನ ಕಷ್ಟಕ್ಕೆ ಕರಗುವ ಆ ಮಾದಪ್ಪ ಇದರಲ್ಲಿ ಕಾಣುತ್ತಾನೆಯೇ ಎಂದು ಯಾರೂ ಕೇಳಲಿಲ್ಲ. ಎತ್ತರವನ್ನು ಅಳೆದು ಸುಮ್ಮನಾಗುವುದೂ ಬಳೆಯನ್ನು ಹುಡುಕಿ ಸುಮ್ಮನಾಗುವುದೂ ನೋಟದ ಒಂದೇ ಸೋಮಾರಿತನ. ಮಾದಪ್ಪನ ಕಥೆಯನ್ನು ರಾತ್ರಿಯಿಡೀ ಕೂತು ಕೇಳಬಲ್ಲ ಜನ ಇಂಥ ಸೋಮಾರಿಗಳಲ್ಲ. ನೋಡುವುದನ್ನು ಕಲಿಸುವ ಕೆಲಸವನ್ನು ನಾವು, ಬರೆಯುವವರು, ಪಾಠ ಹೇಳುವವರು, ಸರಿಯಾಗಿ ಮಾಡಿಲ್ಲ.

ಯಳಂದೂರಿಗೆ ಜನ ಬರಲಿ, ಅಂಗಡಿ ಹೋಟೆಲಿನವರಿಗೆ ನಾಲ್ಕು ಕಾಸು ಸಿಗಲಿ. ಬೆಟ್ಟಕ್ಕೆ ಹೋಗುವ ದಾರಿಯಲ್ಲೇ ಊರಿದೆ. ಬಸ್ಸು, ಕಾರು ಇಲ್ಲಿ ಒಂದು ಗಂಟೆ ನಿಂತರೆ ಸಾಕು. ಆ ಗಂಟೆಗೆ ಬೇಕಾದದ್ದು ಗೋಡೆಯ ಒಂದೊಂದು ಶಿಲ್ಪ ಯಾವುದು, ಅದರ ಕಥೆ ಏನು ಎಂದು ತಿಳಿಗನ್ನಡದಲ್ಲಿ ಹೇಳುವ ಫಲಕ, ಮುದ್ದರಾಜನ ಶಾಸನದ ಪಾಠವೂ ಅರ್ಥವೂ ಇರುವ ಇನ್ನೊಂದು ಫಲಕ, ಬಿಡುವಿನ ದಿನ ಬಂದವರನ್ನು ಸುತ್ತಿಸಿ ತೋರಿಸಬಲ್ಲ ಊರಿನದೇ ಹುಡುಗ ಹುಡುಗಿಯರು. ಸುತ್ತಣ ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಬಂದು ಇಲ್ಲಿ ಕೂತು ತಮಗೆ ಹಿಡಿಸಿದ ಶಿಲ್ಪದ ಚಿತ್ರ ಬರೆಯಲಿ. ಅವರಲ್ಲಿ ಬಹಳ ಮಂದಿ ಬಳೆಯನ್ನೇ ಬರೆಯಬಹುದು, ಬರೆಯಲಿ. ಸರಪಳಿಯ ಒಂದು ಬಳೆ ಇನ್ನೊಂದರೊಳಗೆ ಹೇಗೆ ಹೊಕ್ಕಿದೆ ಎಂದು ಪೆನ್ಸಿಲ್ಲಿನಲ್ಲಿ ಹುಡುಕುವ ಮಗುವಿಗೆ, ಅದನ್ನು ಕಡೆದವನ ಕಷ್ಟ ತಾನಾಗಿ ತಿಳಿಯುತ್ತದೆ. ಮುಟ್ಟಬೇಡಿ ಎಂಬ ಎಚ್ಚರಿಕೆಯ ಜೊತೆಗೆ, ಯಾಕೆ ಮುಟ್ಟಬಾರದು ಎಂಬುದನ್ನೂ ಅದೇ ಫಲಕದಲ್ಲಿ ಎರಡು ಸಾಲು ಬರೆದು ಹಾಕಬೇಕು.