ಅಂತರಾಗ್ನಿಯಿಂದ ಪ್ರಾಜೆಕ್ಟ್‌ವರೆಗೆ: ರಘು ದೀಕ್ಷಿತ್

ಗಾಯಕ ರಘು ದೀಕ್ಷಿತ್ 1974ರಲ್ಲಿ ನಾಸಿಕದಲ್ಲಿ ಹುಟ್ಟಿದರೂ ಬೆಳೆದದ್ದು ಮೈಸೂರಿನಲ್ಲಿ. ಮೊದಲು ಕಲಿತದ್ದು ಭರತನಾಟ್ಯ. ಗಂಡುಹುಡುಗನ ನಾಟ್ಯವನ್ನು ಸಹಪಾಠಿಯೊಬ್ಬ ಹಂಗಿಸಿದಾಗ ಪಂಥ ಕಟ್ಟಿ ಗಿಟಾರ್ ಹಿಡಿದರು. ಶಾಸ್ತ್ರೀಯ ಸಂಗೀತದ ಈ ಊರಿನಲ್ಲಿ ಗಿಟಾರ್ ಆಗ ಮುಖ್ಯ ವಾದ್ಯವೇನೂ ಆಗಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಂದಿಗೆ ಪಡೆದರು. ಕೆಲಕಾಲ ಬೆಲ್ಜಿಯಂನಲ್ಲಿ ನೌಕರಿ ಮಾಡಿದರು.

ಅವರು ಕಟ್ಟಿದ ಮೊದಲ ಹೆಸರಾಂತ ತಂಡ ‘ಅಂತರಾಗ್ನಿ’. ಅದು ಚದುರಿದ ಮೇಲೆ ರೂಪುಗೊಂಡದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’. ವಾದ್ಯಗಾರರು ಬದಲಾದರೂ ಮುರಿಯದ ಏರ್ಪಾಡು ಅದು. ಹವ್ಯಾಸಿ ತಂಡಗಳು ಸಾಮಾನ್ಯವಾಗಿ ಮುಗ್ಗರಿಸುವುದೂ ಸದಸ್ಯರು ಬಿಟ್ಟುಹೋದಾಗಲೇ. ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆ 2008ರಲ್ಲಿ ಮೊದಲ ಆಲ್ಬಂ ಹೊರತಂದಿತು. ಹಳೆಯ ತಂಡದ ಹೆಸರೇ ಆಲ್ಬಮಿನ ಶೀರ್ಷಿಕೆಯಲ್ಲೂ ಉಳಿಯಿತು.

ಈ ಸಂಗೀತದ ನಿಜವಾದ ತಿರುಳು ಸಂತಕವಿ ಶಿಶುನಾಳ ಶರೀಫರ ತತ್ವಪದಗಳು. ಸಿ. ಅಶ್ವತ್ಥ್ ಭಾವಗೀತೆಯ ಶೈಲಿಯಲ್ಲಿ ಮನೆಮಾತಾಗಿಸಿದ ಪದಗಳನ್ನು ದೀಕ್ಷಿತರು ಡ್ರಮ್ಸ್, ಬೇಸ್ ಗಿಟಾರ್, ಪಿಟೀಲಿನ ಜೊತೆ ತಾರಕದಲ್ಲಿ ಹಾಡಿದರು. ಸೂಕ್ಷ್ಮ ಭಾವ ಕೆಲವೆಡೆ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ, ನಿಜ. ಆದರೆ ಕನ್ನಡದ ಉಚ್ಚಾರ ಮಾತ್ರ ಸಡಿಲಾಗುವುದಿಲ್ಲ. ಉಟ್ಟ ಲುಂಗಿ, ಕಾಲಿಗೆ ಕಟ್ಟಿದ ಗೆಜ್ಜೆ ಹಳೆಯ ನಾಟ್ಯಪಾಠವನ್ನು ವೇದಿಕೆಗೆ ತಂದವು.

‘ಸೈಕೋ’, ‘ಜಸ್ಟ್ ಮಾತ್ ಮಾತಲ್ಲಿ’ ಚಿತ್ರಗಳಿಗೂ ಅವರು ಸಂಗೀತ ನೀಡಿದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ತಂಡ ನುಡಿಸಿತು. 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಉತ್ತಮ ಹೊಸ ಕಲಾವಿದ ಪ್ರಶಸ್ತಿ ಕೊಟ್ಟಿತು.