ಬೆಟ್ಟ ಎಂದೂ ಖಾಲಿಯಿರಲಿಲ್ಲ

ಪಶ್ಚಿಮಘಟ್ಟದ ಚಾರಣದ ಬಗ್ಗೆ ನಮ್ಮಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ನಾಲ್ಕಾರು ಗೆಳೆಯರು ಬೆನ್ನಿಗೆ ಚೀಲ ಏರಿಸಿ, ಎರಡು ಮೂರು ದಿನ ಮನುಷ್ಯರ ಸುಳಿವಿಲ್ಲದ ಕಾಡಿನಲ್ಲಿ ನಡೆದು, ಬೋಳುಗುಡ್ಡದ ಮೇಲೆ ಟೆಂಟ್ ಹಾಕಿ ಮಲಗುವುದೇ ನಿಜವಾದ ಚಾರಣ. ಅರಣ್ಯ ಇಲಾಖೆ ರಾತ್ರಿ ತಂಗುವುದನ್ನು ನಿಲ್ಲಿಸಿ, ಆನ್‌ಲೈನ್ ಟಿಕೆಟ್ ತಂದ ಮೇಲೆ ಅದು ಸತ್ತೇಹೋಯಿತು ಎಂಬುದು ಆ ಅಭಿಪ್ರಾಯ. ಈ ಬೆಟ್ಟಗಳೆಂದರೆ ನನಗೆ ಪ್ರಾಣ. ಗೆಳೆಯರ ಜೊತೆ ದಿನಗಟ್ಟಲೆ ನಡೆಯುವ ಸುಖವನ್ನೂ ಬಲ್ಲೆ. ಹಾಗಾಗಿಯೇ ಈ ಅಭಿಪ್ರಾಯದ ಜೊತೆ ಜಗಳಕ್ಕಿಳಿಯುತ್ತಿದ್ದೇನೆ. ಟೆಂಟ್ ಹೋದದ್ದು ದೊಡ್ಡ ನಷ್ಟವಲ್ಲ. ನಮ್ಮ ಘಟ್ಟದಲ್ಲಿ ಹಲವು ದಿನಗಳ ನಡಿಗೆ ಸಾಧ್ಯವಾಗಿದ್ದೇ ದಾರಿಯ ಮೇಲಿನ ಮನೆಗಳಿಂದ. ಆ ಮನೆಗಳನ್ನು ನಮ್ಮ ಚಾರಣ ಸಾಹಿತ್ಯ ಕಂಡೂ ಕಾಣದಂತೆ ದಾಟಿಹೋಗಿದೆ.

ಕುಮಾರಪರ್ವತವನ್ನೇ ನೋಡಿ. 1712 ಮೀಟರ್ ಎತ್ತರದ ಈ ಶಿಖರ ಅಷ್ಟೊಂದು ಕಾಲ ಎರಡು ಮೂರು ದಿನದ ಚಾರಣವಾಗಿ ಉಳಿದದ್ದು ಹೇಗೆ? ಕುಕ್ಕೆಯಿಂದ ಹೊರಟವರಿಗೆ ಅರ್ಧದಾರಿಯಲ್ಲಿ ಗಿರಿಗದ್ದೆಯ ಭಟ್ಟರ ಮನೆ ಇತ್ತು. ಮರಗಳ ನೆರಳಿನ ಕಡಿದಾದ ಏರು ಮುಗಿಯುವಾಗ ಅಂಗಳ ಕಾಣುತ್ತಿತ್ತು. ಬಿಸಿ ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಎಷ್ಟು ಕೇಳಿದರೂ ಬಡಿಸುತ್ತಿದ್ದರು. ಉಂಡ ತಟ್ಟೆಯನ್ನು ನಾವೇ ತೊಳೆದಿಡಬೇಕಿತ್ತು. ಆ ಅಕ್ಕಿ, ಬೇಳೆ, ಗ್ಯಾಸ್ ಸಿಲಿಂಡರು ಬೆಟ್ಟಕ್ಕೆ ಬಂದದ್ದು ಹೇಗೆ, ಮಳೆಗಾಲದಲ್ಲಿ ಆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಏನು ಮಾಡುತ್ತಾರೆ ಎಂದು ಕೇಳಿ ಬರೆದ ಚಾರಣ ಕಥನವನ್ನು ನಾನು ಓದಿಲ್ಲ. ಊಟ ಚೆನ್ನಾಗಿತ್ತು ಎಂಬ ಒಂದು ಸಾಲು ಇರುತ್ತದೆ, ಮರುಸಾಲಿನಲ್ಲಿ ಲೇಖಕ ಶೇಷಪರ್ವತದ ಬುಡದಲ್ಲಿರುತ್ತಾನೆ. ಕಲ್ಲುಮಂಟಪ ದಾಟಿ ಮೇಲೆ ಹೋದರೂ ಮನುಷ್ಯನ ಗುರುತು ಬಿಡುವುದಿಲ್ಲ, ಶಿಖರದಲ್ಲೇ ಪುಟ್ಟ ಕಲ್ಲಿನ ಗುಡಿಯಿದೆ. ಆಚೆ ಬದಿಯಲ್ಲಿ ಸೋಮವಾರಪೇಟೆಯ ಕಡೆಗೆ ಇಳಿದರೆ ಮತ್ತೆ ತೋಟ, ಮತ್ತೆ ಮನೆ. ಹರಕೆ ಹೊತ್ತವರು ತುಳಿದ ದಾರಿಯಲ್ಲಿ ನಡೆದು, ಕಾಡು ಗೆದ್ದೆವು ಎಂದು ಬರೆಯುವುದು ಆ ದಾರಿಗೆ ಮಾಡುವ ಅನ್ಯಾಯ.

ಕುದುರೆಮುಖದ ಕಥೆ ಇನ್ನೂ ಕಠಿಣವಾದದ್ದು. ಸುಮಾರು 1890 ಮೀಟರಿನ ಆ ನೆತ್ತಿಗೆ ಹೋಗುವವರೆಲ್ಲ ಒಂಟಿಮರ, ಲೋಬೋ ಮನೆ ಎಂಬ ಗುರುತುಗಳನ್ನು ಹೇಳುತ್ತಾರೆ. ಆ ಎತ್ತರದಲ್ಲೂ ಯಾರೋ ಬಾಳಿದ್ದರು ಎಂಬುದಕ್ಕೆ ಪಾಳುಬಿದ್ದ ಗೋಡೆಗಳೇ ಸಾಕ್ಷಿ. ಆ ಪಾಳುಮನೆ ನಮ್ಮವರಿಗೆ ಫೋಟೋ ತೆಗೆಯುವ ಜಾಗವಾಗಿದೆ. ಬೆಟ್ಟದ ಮಡಿಲಲ್ಲಿ ಮಲೆಕುಡಿಯ ಬುಡಕಟ್ಟಿನವರು ತಲೆತಲಾಂತರದಿಂದ ಇದ್ದಾರೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನವಾಯಿತು, ಅಲ್ಲಿಂದಾಚೆಗೆ ಒಕ್ಕಲೆಬ್ಬಿಸುವ ಭಯ ಅವರ ಮನೆಗಳನ್ನು ಬಿಟ್ಟಿಲ್ಲ. ಅದೇ ಬೆಟ್ಟಸಾಲಿನಲ್ಲಿ, ಅದೇ ವರ್ಷಗಳಲ್ಲಿ, ಕಬ್ಬಿಣದ ಅದಿರಿನ ಗಣಿಗಾರಿಕೆ ದೊಡ್ಡ ಯಂತ್ರಗಳೊಂದಿಗೆ ನಡೆದೇ ಇತ್ತು. ಸುಪ್ರೀಂ ಕೋರ್ಟಿನ ತೀರ್ಪಿನಿಂದ ಅದು ನಿಂತದ್ದು 2005ರ ಕೊನೆಗೆ. ಗಣಿಯ ಕೆಸರು ತುಂಬಿದ ಲಕ್ಯಾ ಅಣೆಕಟ್ಟು ಇವತ್ತಿಗೂ ಅಲ್ಲಿದೆ. ಇಷ್ಟೆಲ್ಲ ನಡೆದ ನೆಲವನ್ನು ‘ಮನುಷ್ಯ ಮುಟ್ಟದ ಸ್ವರ್ಗ’ ಎಂದು ಬಣ್ಣಿಸುವ ಬರಹವನ್ನು ಅಜ್ಞಾನವೆಂದು ಕ್ಷಮಿಸಿಬಿಡಬಹುದಿತ್ತು. ಆದರೆ ಆ ಬಣ್ಣನೆಗೆ ಪರಿಣಾಮಗಳಿವೆ.

ಕಾಡೆಂದರೆ ಜನರಿಲ್ಲದ ಜಾಗ ಎಂದು ಚಾರಣಿಗ ನಂಬುತ್ತಾನೆ. ಕಾಡು ಉಳಿಯಬೇಕಾದರೆ ಜನ ಹೊರಹೋಗಬೇಕು ಎಂದು ಕಾನೂನು ಬಹುಕಾಲ ನಂಬಿತ್ತು. ಟೆಂಟ್ ವಿಷಯದಲ್ಲಿ ಕಿತ್ತಾಡುವ ಈ ಇಬ್ಬರ ತಲೆಯಲ್ಲಿರುವುದೂ ಒಂದೇ ಚಿತ್ರ. ಅರಣ್ಯ ಹಕ್ಕು ಕಾಯ್ದೆ 2006ರಲ್ಲೇ ಬಂದು ಆ ಚಿತ್ರವನ್ನು ಪ್ರಶ್ನಿಸಿತು. ಚಾರಣ ಸಾಹಿತ್ಯ ಇನ್ನೂ ಪ್ರಶ್ನಿಸಿಲ್ಲ. ಅದರ ಅಚ್ಚು ಎಲ್ಲರಿಗೂ ಗೊತ್ತಿರುವಂಥದ್ದೇ: ಬೆಂಗಳೂರಿನ ರಾತ್ರಿ ಬಸ್ಸು, ಇಂಬಳ, ಮಂಜು, ಶಿಖರದಲ್ಲಿ ಸೂರ್ಯೋದಯ, ವಾಪಸು. ಗೆಳೆಯರ ಹೆಸರು, ಅಡ್ಡಹೆಸರು, ತಮಾಷೆ ಎಲ್ಲವೂ ಇರುತ್ತವೆ; ಮುಂದೆ ನಡೆದು ಕತ್ತಿಯಿಂದ ಮುಳ್ಳು ಸವರಿದವನು ಮಾತ್ರ ‘ನಮ್ಮ ಗೈಡ್’ ಆಗಿಯೇ ಉಳಿಯುತ್ತಾನೆ.

ನನ್ನ ವಾದಕ್ಕೆ ಬಲವಾದ ಎದುರುವಾದವಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಸಿಂಹಬಾಲದ ಸಿಂಗಳೀಕಕ್ಕೆ ಕೊಂಬೆಗೆ ಕೊಂಬೆ ಕೂಡಿದ ಕಾಡು ಬೇಕು, ಮನೆ ಎಂದ ಮೇಲೆ ರಸ್ತೆ, ಕರೆಂಟು, ತೋಟ ಬರುತ್ತವೆ, ಕಾಡು ತುಂಡಾಗುತ್ತದೆ. ಭದ್ರಾ ಅಭಯಾರಣ್ಯದೊಳಗಿನ ಊರುಗಳ ಸ್ಥಳಾಂತರವನ್ನು ದೇಶದಲ್ಲೇ ಚೆನ್ನಾಗಿ ನಡೆದದ್ದೆಂದು ಉದಾಹರಿಸುತ್ತಾರೆ. ಕುದುರೆಮುಖದಲ್ಲೂ ಶಾಲೆ, ಆಸ್ಪತ್ರೆ ದೂರವಾಗಿ ಬೇಸತ್ತು, ಪರಿಹಾರ ಕೊಟ್ಟರೆ ಹೋಗುತ್ತೇವೆ ಎನ್ನುವ ಕುಟುಂಬಗಳಿವೆ. ಶೋಲಾ ಕಾಡುಗಳ ನಡುವಿನ ಹುಲ್ಲುಗಾವಲಿಗೆ ಮನುಷ್ಯ ಬೇಕಿರಲಿಲ್ಲ, ಅದು ಅವನು ಕಾಡು ಕಡಿದು ಮಾಡಿದ್ದಲ್ಲ, ಸಾವಿರಾರು ವರ್ಷ ಹಳೆಯದು ಎಂಬುದೂ ನೀಲಗಿರಿಯ ಜೌಗು ಮಣ್ಣಿನ ಅಧ್ಯಯನಗಳಿಂದ ಸ್ಪಷ್ಟವಾಗಿದೆ. ಇವೆಲ್ಲ ನಿಜ. ಹೋಗಬೇಕೆನ್ನುವವರು ಘನತೆಯಿಂದ ಹೋಗುವಂತಾಗಲಿ. ಆದರೆ ಉಳಿಯುತ್ತೇವೆ ಎನ್ನುವವರನ್ನು ನಮ್ಮ ಏಕಾಂತದ ಆಸೆಗಾಗಿ ಬರಹದಲ್ಲಿ ಅಳಿಸಿಹಾಕಲು ಸಿಂಗಳೀಕ ನೆಪವಾಗಬಾರದು.

ಟೆಂಟಿನ ಪರವಾದ ವಾದವಂತೂ ನಿಲ್ಲುವುದೇ ಇಲ್ಲ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ದಾರಿ ಜಾತ್ರೆಯಂತೆ ತುಂಬಿದ್ದನ್ನು ನಾಡೆಲ್ಲ ನೋಡಿತು. ಆಮೇಲೆಯೇ ಇಲಾಖೆ ಚಾರಣ ತಡೆದು, ಆನ್‌ಲೈನ್ ನೋಂದಣಿ ತಂದದ್ದು. ಅಷ್ಟು ಜನ ಹುಲ್ಲಿನ ಮೇಲೆ ಗೂಟ ಹೊಡೆದು, ಒಲೆ ಹೂಡಿ, ಬೆಳಗ್ಗೆ ತೊರೆಯ ಪಕ್ಕ ಕುಳಿತೆದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಟೆಂಟ್ ಚಾರಣದ ಮಾದರಿ ಹಿಮಾಲಯದ್ದು ಎನ್ನುತ್ತಾರೆ. ಅಲ್ಲಿ ಏನಾಯಿತು? 2018ರಲ್ಲಿ ಉತ್ತರಾಖಂಡ ಹೈಕೋರ್ಟು ಬುಗ್ಯಾಲ್‌ಗಳಲ್ಲಿ, ಅಂದರೆ ಎತ್ತರದ ಹುಲ್ಲುಗಾವಲುಗಳಲ್ಲಿ, ರಾತ್ರಿ ತಂಗುವುದನ್ನೇ ನಿಷೇಧಿಸಿತು. ರೂಪಕುಂಡದ ದಾರಿಯ ಆಲಿ, ಬೇದಿನಿ ಬುಗ್ಯಾಲ್‌ಗಳ ಸ್ಥಿತಿಯೇ ಅದಕ್ಕೆ ಕಾರಣ. ಆ ಹುಲ್ಲುಗಾವಲುಗಳೂ ಖಾಲಿ ಜಾಗಗಳಲ್ಲ, ಕುರಿಗಾಹಿಗಳ ಬೇಸಿಗೆಯ ನೆಲೆಗಳು.

ಹಲವು ದಿನಗಳ ಚಾರಣ ಸತ್ತಿಲ್ಲ. ಸಂಸೆ, ಕಳಸದ ಕಡೆಯಿಂದ ಜೀಪಿನಲ್ಲಿ ಕುದುರೆಮುಖದ ಬುಡದ ಮುಳ್ಳೋಡಿಗೆ ಹೋಗುವವರು ಇವತ್ತೂ ಊರವರ ಮನೆಯಲ್ಲೇ ಮಲಗುತ್ತಾರೆ; ಒಂದು ದಿನ ಕುದುರೆಮುಖ ಹತ್ತಿ ಸಂಜೆಗೆ ಇಳಿಯುತ್ತಾರೆ, ಮರುದಿನ ನೇತ್ರಾವತಿ ಶಿಖರಕ್ಕೋ ಕುರಿಂಜಾಲಿಗೋ ಹೊರಡುತ್ತಾರೆ. ನಮ್ಮ ಘಟ್ಟಕ್ಕೆ ಒಪ್ಪುವ ಪದ್ಧತಿ ಇದೇ. ಟೆಂಟಿನ ಚಾರಣಕ್ಕಿಂತ ಇದು ಒಂದು ತೂಕ ಹೆಚ್ಚಿನದು ಎಂದೇ ನನ್ನ ತೀರ್ಮಾನ. ರಾತ್ರಿಯ ಜಗಲಿಯಲ್ಲಿ ಕೇಳಿಸುವ ಬೆಟ್ಟದ ವಿಚಾರ ಟೆಂಟಿನೊಳಗೆ ಕೇಳಿಸುವುದಿಲ್ಲ. ಯಾವ ಹಳ್ಳದಲ್ಲಿ ಕಾಟಿ ನೀರಿಗಿಳಿಯುತ್ತದೆ, ಗಣಿ ನಡೆಯುತ್ತಿದ್ದಾಗ ಹೊಳೆಯ ನೀರು ಯಾವ ಬಣ್ಣಕ್ಕಿತ್ತು, ಯಾರ ಜಮೀನಿಗೆ ಹಕ್ಕುಪತ್ರ ಇನ್ನೂ ಬಂದಿಲ್ಲ, ಇವನ್ನು ಹೇಳಬಲ್ಲವರು ಆ ಮನೆಯವರು ಮಾತ್ರ.

ಇಲಾಖೆಗೆ ನನ್ನ ಒತ್ತಾಯ: ಟಿಕೆಟ್ ಹಣದ ಒಂದು ಪಾಲು ದಾರಿಯ ಊರುಗಳಿಗೆ ಸಲ್ಲಲಿ, ಚಾರಣಿಗರು ರಾತ್ರಿ ಉಳಿಯುವ ಮನೆಗಳಿಗೆ ಅಧಿಕೃತ ಮನ್ನಣೆ ಸಿಗಲಿ. ಚಾರಣ ಬರೆಯುವ ಗೆಳೆಯರಲ್ಲಿ ಕೋರಿಕೆ: ಮುಂದಿನ ಬರಹದಲ್ಲಿ ಶಿಖರಕ್ಕೆ ಒಂದು ಪ್ಯಾರಾ ಸಾಕು. ಉಳಿದದ್ದನ್ನು ನಿಮಗೆ ಅನ್ನ ಹಾಕಿದ ಮನೆಗೆ, ದಾರಿ ತೋರಿಸಿದ ಮನುಷ್ಯನಿಗೆ ಮೀಸಲಿಡಿ. ಅವರು ಒಪ್ಪಿದರೆ ಹೆಸರನ್ನೂ ಬರೆಯಿರಿ.