ಕರ್ಣನ ಋಣ ಜೋಳದ ಲೆಕ್ಕವಲ್ಲ

ಹಳಗನ್ನಡದ ವೀರಕಾವ್ಯಗಳ ಮಾತು ಬಂದಾಗಲೆಲ್ಲ ನಮ್ಮ ವಿಚಾರಸಂಕಿರಣಗಳಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ: ಅದೆಲ್ಲ ಊಳಿಗಮಾನ್ಯ ಮೌಲ್ಯ. ಜೋಳದ ಪಾಳಿ, ವೇಳೆವಾಳಿ, ಸ್ವಾಮಿನಿಷ್ಠೆ ಎಲ್ಲವೂ ದೊರೆಯ ಅನ್ನಕ್ಕೆ ಆಳು ತೆತ್ತ ಬೆಲೆ. ಆ ಕಾಲದ ನೀತಿ ಆ ಕಾಲಕ್ಕೆ, ನಮ್ಮದು ನಮಗೆ. ಮನುಷ್ಯರೆಲ್ಲರಿಗೂ ಸಲ್ಲುವ ಧರ್ಮ ಕನ್ನಡದಲ್ಲಿ ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ, ದಯೆಯ ಮಾತಿನೊಂದಿಗೆ. ವಿದ್ಯಾರ್ಥಿಯಾಗಿದ್ದಾಗಿನಿಂದ ಇದನ್ನು ಕೇಳುತ್ತ ಬಂದಿದ್ದೇನೆ. ಈಚೆಗೆ ಮತ್ತೊಮ್ಮೆ ಕೇಳಿದಾಗ ಸುಮ್ಮನಿರಲು ಆಗಲಿಲ್ಲ. ವಚನಕಾರರ ಬಗ್ಗೆ ನನಗೆ ತಕರಾರಿಲ್ಲ. ಅವರನ್ನು ಎತ್ತಿ ಹಿಡಿಯಲು ಪಂಪನನ್ನು ತುಳಿಯಬೇಕೆಂಬ ಹಟದ ಬಗ್ಗೆ ಇದೆ.

ನಾನಿರುವುದು ಬೇಗೂರಿನಲ್ಲಿ. ಇಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 890ರ ಒಂದು ಶಾಸನವಿದೆ. ಬೆಂಗಳೂರು ಎಂಬ ಹೆಸರು ಸಿಗುವ ಅತಿ ಹಳೆಯ ಶಾಸನವೆಂದು ಅದಕ್ಕೆ ಹೆಸರು. ಅದನ್ನು ನೋಡಲು ಬರುವವರೂ ಅಷ್ಟನ್ನೇ ತಿಳಿದು ಹಿಂತಿರುಗುತ್ತಾರೆ. ಬೆಂಗಳೂರ ಕಾಳಗದಲ್ಲಿ ಸತ್ತವರು ಯಾರು? ಗಂಗರ ಅಧಿಕಾರಿ ನಾಗತ್ತರನ ಮಗ ಬುಟ್ಟಣ ಮತ್ತು ನಾಗತ್ತರನ ಮನೆಯಾಳು ಪೆರ್ವೋಣಸೆಟ್ಟಿ. ಧಣಿಯ ಮಗನಿಗೂ ಮನೆಯಾಳಿಗೂ ಒಂದೇ ಕಲ್ಲು. ಇದೇ ಬೇಗೂರಿನ ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರ ತಾನೇ ಸತ್ತದ್ದನ್ನೂ, ಆ ಬಳಿಕ ಗಂಗ ಎರೆಯಪ್ಪ ಇರುಗನಿಗೆ ನಾಗತ್ತರ ಪಟ್ಟ ಕಟ್ಟಿ ಬೆಂಪೂರು ಹನ್ನೆರಡನ್ನು ಕೊಟ್ಟದ್ದನ್ನೂ ಅದು ಹೇಳುತ್ತದೆ. ಕೊಡುಗೆಯ ಈ ಭಾಗವನ್ನು ಹಿಡಿದು ನಮ್ಮ ವಿಮರ್ಶಕರು, ನೋಡಿ, ಪ್ರಾಣಕ್ಕೆ ಹಳ್ಳಿಗಳ ಲೆಕ್ಕ ಅನ್ನುತ್ತಾರೆ. ಲೆಕ್ಕ ಇತ್ತು, ನಿಜ. ಆದರೆ ಲೆಕ್ಕ ಇದ್ದಲ್ಲಿ ಬೇರೇನೂ ಇರಲಾರದು ಎಂಬ ತೀರ್ಮಾನ ಎಲ್ಲಿಂದ ಬಂತು?

ಅದೇ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲೂ ಇದೆ. 949ರ ತಕ್ಕೋಲದ ಯುದ್ಧದಲ್ಲಿ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಮೆರೆದ ತನ್ನ ಆಳು ಮಣಲೇರನಿಗೆ, ಮೆಚ್ಚಿದೆ, ಬೇಡಿಕೋ ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಕಾಳಿ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತಾಗ ಅದಕ್ಕೊಂದು ಕಲ್ಲು ನಿಲ್ಲಿಸಿ ಪೂಜೆಗೆ ನೆಲ ಬಿಟ್ಟರು. ಊಳಿಗಮಾನ್ಯವೆಂಬ ಪದದಿಂದ ಮಣಲೇರನ ಈ ಬೇಡಿಕೆಯನ್ನು ವಿವರಿಸಿ ತೋರಿಸಲಿ. ಆಗುವುದಿಲ್ಲ. ಅವನು ಆ ಪ್ರಾಣಿಯಲ್ಲಿ ಏನನ್ನೋ ಕಂಡಿದ್ದ. ಕಂಡದ್ದು ಅಲ್ಲಿ ನಿಜವಾಗಿಯೂ ಇತ್ತು.

ನನ್ನ ವಾದವೆಲ್ಲ ಈ ಕಾಣುವಿಕೆಯ ಮೇಲೆ ನಿಂತಿದೆ. ಪ್ರೀತಿಯೆಂದರೆ ಮನಸ್ಸಿನ ಒಳಗಿನ ಒಂದು ಹದ, ಅದು ಅವರವರ ಪಾಡು ಎಂದು ನಾವು ನಂಬಿಬಿಟ್ಟಿದ್ದೇವೆ. ಆಕ್ಸ್‌ಫರ್ಡಿನ ತತ್ತ್ವಜ್ಞಾನಿ ಐರಿಸ್ ಮರ್ಡಾಕ್ ಇದನ್ನು ಒಪ್ಪಲಿಲ್ಲ. ನನ್ನ ಆಚೆ ಇನ್ನೊಬ್ಬರು ನಿಜವಾಗಿ ಇದ್ದಾರೆ ಎಂಬುದು ಮನಸ್ಸಿಗೆ ಹತ್ತುವುದನ್ನೇ ಆಕೆ ಪ್ರೀತಿಯೆಂದಳು. ಹಾಗಾದರೆ ಪ್ರೀತಿ ಒಂದು ಕಣ್ಣು. ಅದು ಕಾಣುವ ಒಳಿತು ನನ್ನ ಇಷ್ಟದಿಂದ ಹುಟ್ಟಿದ್ದಲ್ಲ, ನನ್ನ ಕಾಲದಿಂದಲೂ ಹುಟ್ಟಿದ್ದಲ್ಲ. ಇದನ್ನು ತಿಳಿಯಲು ನಾವು ಆಕ್ಸ್‌ಫರ್ಡಿನವರೆಗೆ ಹೋಗಬೇಕಿರಲಿಲ್ಲ. ಪಂಪನನ್ನು ಓದಿದ್ದರೆ ಸಾಕಿತ್ತು.

ವಿಕ್ರಮಾರ್ಜುನ ವಿಜಯದ ಒಂಬತ್ತನೆಯ ಆಶ್ವಾಸಕ್ಕೆ ಬನ್ನಿ. ಕೃಷ್ಣ ಕರ್ಣನನ್ನು ಒಬ್ಬನನ್ನೇ ಕರೆದು ಹುಟ್ಟಿನ ಗುಟ್ಟು ಹೇಳಿಯಾಗಿದೆ. ರಾಜ್ಯ ಎದುರಿಗಿದೆ, ಐವರು ತಮ್ಮಂದಿರಿದ್ದಾರೆ, ಗಂಗೆಯ ತಡಿಗೆ ಹೆತ್ತ ತಾಯಿಯೇ ಬರುತ್ತಾಳೆ. ಲಾಭದ ಲೆಕ್ಕವೆಲ್ಲ ಒಂದೇ ಕಡೆಗೆ ವಾಲಿದೆ. ಬರಿಯ ಅನ್ನದ ಋಣವಾಗಿದ್ದರೆ ಅದನ್ನು ತೀರಿಸುವ ಶಕ್ತಿ ಹಸ್ತಿನಾವತಿಯ ಒಡೆಯನಾಗಲಿರುವವನಿಗೆ ಇರಲಿಲ್ಲವೇ? ಆದರೆ ಅವನ ನೆನಪಿನಲ್ಲಿರುವುದು ದುರ್ಯೋಧನನ ಹೆಂಡತಿ ಭಾನುಮತಿಯ ಜತೆ ನೆತ್ತವಾಡುವಾಗ ಮುತ್ತಿನ ಹಾರ ಹರಿದ ಗಳಿಗೆ. ಅಲ್ಲಿಗೆ ಬಂದ ದುರ್ಯೋಧನ ಸಂಶಯಪಡಲಿಲ್ಲ, ಮುತ್ತುಗಳನ್ನು ಆಯಲೇ ಎಂದು ಕೇಳಿದ. ಇಂಥ ನಂಬಿಕೆಯನ್ನು ಯಾವ ಜೋಳದಿಂದ ಅಳೆಯುವುದು? ಲೋಕವೆಲ್ಲ ಸೂತನನ್ನು ಕಂಡಲ್ಲಿ ಒಬ್ಬ ಮಾತ್ರ ಕರ್ಣನನ್ನು ಕಂಡ. ಕರ್ಣ ಬಿಡಲಾರದ್ದು ಆ ಕಣ್ಣನ್ನು.

ಅಷ್ಟಕ್ಕೇ ನಿಂತಿದ್ದರೆ ಒಡೆಯನಿಗಾಗಿ ಯಾರನ್ನಾದರೂ ಕೊಲ್ಲುವ ಕುರುಡು ನಿಷ್ಠೆಯೆಂದು ದೂರಬಹುದಿತ್ತು. ಪಂಪ ಅಲ್ಲಿಗೆ ನಿಲ್ಲುವುದಿಲ್ಲ. ತಮ್ಮಂದಿರೆಂದು ತಿಳಿದ ಮೇಲೆ ಅವರನ್ನು ಕೊಲ್ಲಲು ಕರ್ಣನಿಗೆ ಮನಸ್ಸಿಲ್ಲ. ನೆಚ್ಚಿದವನನ್ನು ಬಿಡಲೂ ಆಗದು. ಉಳಿದ ದಾರಿ ಒಂದೇ, ದುರ್ಯೋಧನನಿಗಿಂತ ಮೊದಲು ತಾನು ಸಾಯುವುದು. ಎರಡು ಪ್ರೀತಿಗಳ ಪೂರ್ತಿ ಭಾರವನ್ನು ಅವನು ತನ್ನ ಮೈಮೇಲೆ ಹೊರುತ್ತಾನೆ, ಯಾವುದನ್ನೂ ಸುಳ್ಳೆನ್ನುವುದಿಲ್ಲ. ಕನ್ನಡ ಕಾವ್ಯದಲ್ಲಿ ಇದಕ್ಕಿಂತ ದೊಡ್ಡ ನೈತಿಕ ನಿರ್ಧಾರ ನನಗೆ ಗೊತ್ತಿಲ್ಲ. ಕುಮಾರವ್ಯಾಸನ ಕರ್ಣನನ್ನು ಮುಂದಿಟ್ಟು ವಾದಿಸುವವರಿದ್ದಾರೆ. ಆ ಕರ್ಣನಿಗಾಗಿ ನಾನೂ ಅತ್ತಿದ್ದೇನೆ. ತಲೆಬಾಗುವುದು ಮಾತ್ರ ಪಂಪನ ಕರ್ಣನಿಗೆ.

ಇನ್ನು ಕವಿಯ ಮಾತು. ಪಂಪ ಅರಿಕೇಸರಿಯ ಅನ್ನ ಉಂಡವನು. ಕಾವ್ಯ ಬರೆದದ್ದೇ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದು ಮಾಡಿ ಹೊಗಳುವುದಕ್ಕೆ. ಮೌಲ್ಯವೆಲ್ಲ ಆಶ್ರಯದಿಂದ ಹುಟ್ಟುತ್ತದೆ ಎಂಬುದು ನಿಜವಾಗಿದ್ದರೆ ಆ ಕಾವ್ಯದಲ್ಲಿ ಕರ್ಣ ಕುಗ್ಗಬೇಕಿತ್ತು. ಆದದ್ದೇನು? ಹನ್ನೆರಡನೆಯ ಆಶ್ವಾಸದಲ್ಲಿ ಕರ್ಣ ಬಿದ್ದಾಗ, ಭಾರತದಲ್ಲಿ ಒಬ್ಬರನ್ನೇ ನೆನೆಯುವುದಾದರೆ ಈತನನ್ನು ನೆನೆಯಿರಿ ಎಂದು ಕವಿ ಕೇಳುಗರಿಗೇ ನೇರವಾಗಿ ಹೇಳುತ್ತಾನೆ. ಕೊಂದವನು ಕಾವ್ಯದ ನಾಯಕ, ಕವಿಯ ಅನ್ನದಾತ. ಆದರೂ ಆ ಮಾತು ಹೊರಬಂತು. ಒಳಿತು ನಮ್ಮ ಹಂಗಿನಲ್ಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಡ. ಮನುಷ್ಯಕುಲ ಒಂದೇ ಎಂದು ಆದಿಪುರಾಣದಲ್ಲಿ ಹೇಳಿದವನೂ ಇವನೇ, 941ರಲ್ಲಿ. ಹನ್ನೆರಡನೆಯ ಶತಮಾನದವರೆಗೆ ಕಾಯಬೇಕಿರಲಿಲ್ಲ. ರನ್ನನೂ ಇದೇ ಜಾಡಿನವನು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಾಗಿಸಲು ಹೊರಟವನು ದುರ್ಯೋಧನನನ್ನು ಅಭಿಮನ್ಯುವಿನ ಹೆಣದ ಮುಂದೆ ನಿಲ್ಲಿಸಿ, ವೈರಿಯ ಮಗನ ಹಿರಿಮೆಯನ್ನು ಅವನ ಬಾಯಿಂದಲೇ ಒಪ್ಪಿಸುತ್ತಾನೆ.

ಹಳೇಬೀಡಿನ ಗರುಡಗಂಬವನ್ನು ತೋರಿಸಿ ನನ್ನನ್ನು ಕೇಳುವವರಿದ್ದಾರೆ. ಕೇಳಲೇಬೇಕು. ಇಮ್ಮಡಿ ವೀರಬಲ್ಲಾಳ ಸತ್ತಾಗ ದಂಡನಾಯಕ ಕುವರಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ, ಸಾವಿರ ಮಂದಿ ವೀರರು ಪ್ರಾಣಬಿಟ್ಟದ್ದನ್ನು ಆ ಕಂಬ ಸಾರುತ್ತದೆ. ಇದೂ ಪ್ರೀತಿಯೇ? ಕುವರಲಕ್ಷ್ಮನದು ಇದ್ದೀತು. ಸಾವಿರ ಮಂದಿಯದು ಅಲ್ಲ. ಅಲ್ಲಿ ಪ್ರೀತಿ ಕಟ್ಟಳೆಯಾಗಿ, ಕಟ್ಟಳೆ ಕೊಲೆಯಾಯಿತು. ಅದು ತಪ್ಪು, ಹದಿಮೂರನೆಯ ಶತಮಾನದಲ್ಲೂ ತಪ್ಪೇ ಆಗಿತ್ತು. ಇದನ್ನು ಹೇಳುವ ಬಲ ನನಗೆ ಬಂದದ್ದು ಕರ್ಣನಿಂದ: ಯಾರೂ ಬೇಡದಿದ್ದರೂ, ಎಲ್ಲರೂ ಬೇಡವೆಂದರೂ, ತಾನಾಗಿ ಹೊತ್ತ ಸಾವು ಅವನದು.

ಇಲ್ಲಿಯೇ ಊಳಿಗಮಾನ್ಯ ಮೌಲ್ಯವೆನ್ನುವವರ ವಾದ ಮುರಿದು ಬೀಳುತ್ತದೆ. ಆಯಾ ಕಾಲಕ್ಕೆ ಆಯಾ ನೀತಿ ಎಂದ ಮೇಲೆ ಆ ಸಾವಿರ ಮಂದಿಯ ಸಾವನ್ನು ಖಂಡಿಸಲು ಇವರಿಗೆ ಏನು ಉಳಿಯಿತು? ಸೂತನೆಂದು ಕರ್ಣನನ್ನು ಹಂಗಿಸಿದ್ದನ್ನು ಅನ್ಯಾಯವೆಂದು ಯಾವ ಬಾಯಿಂದ ಹೇಳುತ್ತಾರೆ? ಜಾತಿ ಆಗಲೂ ಅನ್ಯಾಯವಾಗಿತ್ತು ಎಂದು ಎದೆ ತಟ್ಟಿ ಹೇಳುವ ಬಂಡಾಯದ ವಿಮರ್ಶಕನನ್ನು ನಾನು ಗೌರವಿಸುತ್ತೇನೆ. ಆ ಕೂಗಿನೊಳಗೆ ಕಾಲವನ್ನು ಮೀರಿದ ಒಂದು ಅಳತೆಗೋಲಿದೆ. ಪಂಪನ ಎದುರು ಬಂದಾಗ ಮಾತ್ರ ಅವನು ಅದನ್ನು ಕೆಳಗಿಡುವುದೇಕೆ?

ನಿಮ್ಮ ಸರಿ ನಿಮಗೆ, ನಮ್ಮ ಸರಿ ನಮಗೆ ಎನ್ನುವುದು ಈಗ ಸಜ್ಜನಿಕೆಯ ಗುರುತಾಗಿದೆ. ಬೇಗೂರಿನ ಸುತ್ತ ಎದ್ದಿರುವ ಅಪಾರ್ಟ್‌ಮೆಂಟುಗಳಲ್ಲಿ ಈ ಮಾತಿನ ಆಸರೆಯಲ್ಲಿ ಜನ ನೆಮ್ಮದಿಯಾಗಿದ್ದಾರೆ, ಪಕ್ಕದ ಮನೆಯವರ ಹೆಸರು ತಿಳಿಯದೆ. ಯಾರನ್ನೂ ಕಾಣಬೇಕಿಲ್ಲದ ಬದುಕಿಗೆ ಒಪ್ಪುವ ನೀತಿ ಅದು. ನಮ್ಮ ಕಾವ್ಯರುಚಿಯೂ ಹಾಗೆಯೇ ಆಗುತ್ತಿದೆ: ಹಳೆಯದರ ಕಾಲ, ವರ್ಗ, ಆಶ್ರಯಗಳನ್ನು ಗುರುತಿಸಿದರೆ ಓದಿ ಮುಗಿಯಿತು, ಮನಸೋಲುವ ಹೊಣೆ ತಪ್ಪಿತು. ಹೊಸಬರಿಗೆ ಪಂಪನನ್ನು ಕಲಿಸುವ ಮೇಷ್ಟರುಗಳಲ್ಲಿ ನನ್ನದೊಂದು ಬೇಡಿಕೆ. ಊಳಿಗಮಾನ್ಯವೆಂಬ ಪದವನ್ನು ಹಲಗೆಯ ಮೇಲೆ ಬರೆಯುವ ಮೊದಲು ಒಂಬತ್ತನೆಯ ಮತ್ತು ಹನ್ನೆರಡನೆಯ ಆಶ್ವಾಸಗಳನ್ನು ತರಗತಿಯಲ್ಲಿ ಗಟ್ಟಿಯಾಗಿ, ಪೂರ್ತಿಯಾಗಿ ಓದಿ. ಆಮೇಲೂ ಆ ಪದ ಬೇಕೆನಿಸಿದರೆ ಬರೆಯಿರಿ.